ಯಾವ ಊರಿನದೂ ಅಲ್ಲದ ಮಾತು

ಮರುಳಸಿದ್ದಮ್ಮ ಹೊಳಲ್ಕೆರೆಯ ಬೆಳಗಿನ ಬಸ್ಸಿಳಿದು, ಒಂದು ಕೈಯಲ್ಲಿ ಮಂಡಕ್ಕಿ ಚೀಲ, ಇನ್ನೊಂದರಲ್ಲಿ ಬಜ್ಜಿ ಮೆಣಸಿನಕಾಯಿ ಚೀಲ ಹಿಡಿದು ಚಿತ್ರದುರ್ಗದ ತಮ್ಮನ ಮನೆಗೆ ಬಂದಾಗ, ಒಳಗಿನಿಂದ ಯಾರೋ ಬಾಯಿ ಮುಕ್ಕಳಿಸುವಂಥ ಸದ್ದು ಕೇಳಿಸಿತು. ನೋಡಿದರೆ ಮುಕ್ಕಳಿಸುವುದಲ್ಲ. ಅವಳು ಸಾಕಿ ಬೆಳೆಸಿದ ತಿಪ್ಪೇಶ್, ಮೂವತ್ತು ದಾಟಿದ ಗಂಡಸು, ಕನ್ನಡಿಯ ಮುಂದೆ ನಿಂತು ಹಲ್ಲಿನ ನಡುವೆ ಬಾಟಲಿಯ ಬಿರಡೆ ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಬಿರಡೆಯ ಎರಡೂ ಬದಿಯಿಂದ ಜೊಲ್ಲು ಇಳಿಯುತ್ತಿತ್ತು. ಹೊಸ ಅಂಗಿ ಹಾಳಾಗದಿರಲಿ ಅಂತ ಕೊರಳಿಗೆ ಟವೆಲ್ ಕಟ್ಟಿಕೊಂಡಿದ್ದ.

"ಥೂ! ಹಲ್ಲು ಬರೋ ಕಾಲದಾಗೂ ಇಷ್ಟು ಜೊಲ್ಲು ಸುರಿಸಿರ್ಲಿಲ್ವಲ್ಲೋ ನೀನು. ಏನ್ಲೇ ಇದು?"

ತಿಪ್ಪೇಶ್ ಬಿರಡೆ ತೆಗೆದು ಬಾಯಿ ಒರೆಸಿಕೊಂಡ. "ಪ್ರಾಕ್ಟೀಸು ಅತ್ತೆ. ನಾಲಿಗೆ ತಿರುಗಬೇಕಲ್ಲ."

"ನಿನ್ನ ನಾಲಿಗೆಗೆ ಏನಾಗಿತ್ತು?"

ಅವನು ಬಿರಡೆಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಮರುಳಸಿದ್ದಮ್ಮ ಮುಖ ತಿರುಗಿಸಿದಳು. ಚೀಲ ಎತ್ತಿಕೊಂಡು ಅಡಿಗೆಮನೆಗೆ ನಡೆದಳು.

ತಿಪ್ಪೇಶನಿಗೆ ಇನ್ನೂ ನಡೆಯಲು ಬರುವ ಮೊದಲೇ ಅವನ ತಾಯಿ ತೀರಿಕೊಂಡಿದ್ದಳು. ತಂದೆ ಮುರುಗೇಶಪ್ಪ ಆಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದ್ದ. ಮರುಳಸಿದ್ದಮ್ಮನಿಗೆ ಮಕ್ಕಳಿರಲಿಲ್ಲ; ಸ್ವಲ್ಪ ದಿನಕ್ಕೆ ಗಂಡನೂ ಇಲ್ಲದಾದ. ಹೊಳಲ್ಕೆರೆ ಬಸ್ ನಿಲ್ದಾಣದ ಪಕ್ಕ ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ನಡೆಸುತ್ತ, ಮಂಡಕ್ಕಿ ಮೂಟೆಗಳ ಹಿಂದೆ ತೊಟ್ಟಿಲು ಕಟ್ಟಿ, ಹುಡುಗನನ್ನು ಕಾಲೇಜು ಮೆಟ್ಟಿಲು ಹತ್ತುವವರೆಗೂ ಬೆಳೆಸಿದಳು. ಈಗ ಅವನು ಜೋಗಿಮಟ್ಟಿಯ ಬೆಟ್ಟದ ಸಾಲಿನಲ್ಲಿ ಸುತ್ತುವ ಗಾಳಿಯಂತ್ರಗಳ ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರ್. ಕುಡಿತವಿಲ್ಲ, ಜೂಜಿಲ್ಲ. ದುರ್ಗದಲ್ಲಿ ಸ್ವಂತ ಮನೆ. ಆದರೂ ಹೆಣ್ಣು ಸಿಕ್ಕಿರಲಿಲ್ಲ. ಒಬ್ಬರು ಹುಡುಗ ಬೆಂಗಳೂರಲ್ಲಿಲ್ಲ ಅಂದರು. ಇನ್ನೊಬ್ಬರು, ಅಷ್ಟೆತ್ತರ ಹತ್ತುವ ಕೆಲಸ, ನಾಳೆ ಬಿದ್ದರೆ ಯಾರಿಗೆ ಹೇಳುವುದು ಅಂದರು. ಮತ್ತೊಂದು ಮನೆಯವರು ಉಪ್ಪಿಟ್ಟು ತಿಂದು ಹೋದವರು ಏನೂ ಅನ್ನಲೇ ಇಲ್ಲ.

ಕೊನೆಗೆ ಹಿರಿಯೂರಿನ ಹಾರ್ಡ್‌ವೇರ್ ಅಂಗಡಿ ರೇವಣಸಿದ್ದಪ್ಪನ ಮಗಳು ಕಾವ್ಯ ಅಂತ ಒಂದು ಸಂಬಂಧ ಕೂಡಿಬಂತು. ಹುಡುಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಫೋಟೊ ಒಪ್ಪಿಗೆಯಾಯಿತು, ಮಠದ ಅಯ್ಯನವರು ಕೂಡಿಬರುತ್ತದೆ ಅಂದರು. ಆದರೆ ಆ ಮನೆಯಲ್ಲಿ ಎಲ್ಲದಕ್ಕೂ ಹಿರಿಯ ಅಳಿಯನದೇ ಕೊನೆಯ ಮಾತು. ಆತ ಹೆಂಡತಿಯೊಂದಿಗೆ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದ. ಅಲ್ಲಿಂದ ಅವನು ಕೇಳಿದ್ದು ಒಂದೇ: ಹುಡುಗನ ಆಕ್ಸೆಂಟ್ ಹೇಗಿದೆ?

ಮುರುಗೇಶಪ್ಪ ಅದೇನೋ ರಕ್ತದ ಗುಂಪಿನ ಥರದ್ದಿರಬೇಕು ಅಂದುಕೊಂಡು, "ಅದೆಲ್ಲ ಚೆನ್ನಾಗೈತ್ರಿ, ಟೆಸ್ಟ್ ಮಾಡ್ಸಿದೀವಿ" ಅಂದುಬಿಟ್ಟಿದ್ದ. ವಿಷಯ ತಿಳಿದ ಮೇಲೆ ಹೆದರಿ ಮಗನನ್ನು ಮಾರುತೇಶನ ಕೈಗೊಪ್ಪಿಸಿದ. ಮಾರುತೇಶನದು ಸೀರೆ ಅಂಗಡಿಯ ಮಹಡಿಯ ಮೇಲೆ ಇಂಗ್ಲಿಷ್ ಮಾತು ಕಲಿಸುವ ಸೆಂಟರು. ಇವತ್ತು ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮಾರುತೇಶನೂ ಹುಡುಗನ ಗೆಳೆಯನೆಂಬ ಹೆಸರಿನಲ್ಲಿ ಬೆಳಿಗ್ಗೆಯೇ ಬಂದು ಸೋಫಾದ ಮೇಲೆ ಕೂತಿದ್ದ.

ಮರುಳಸಿದ್ದಮ್ಮ ಅವನಿಗೆ ಟೀ ತಂದುಕೊಟ್ಟು ಎದುರಿಗೇ ಕೂತಳು.

"ಅಲ್ಲಪ್ಪ ಮೇಷ್ಟ್ರೇ, ಈ ಆಕ್ಸೆಂಟು ಅಂದ್ರೆ ಏನು?"

"ಮಾತಿನ ರಾಗ ಅಂದ್ಕಳ್ರಿ ಅಮ್ಮ."

"ರಾಗಾನಾ? ಅದು ಎಲ್ರಿಗೂ ಐತಲ್ಲ. ನನ್ನ ಅಂಗಡಿ ಮುಂದೆ ನಿಂತು ಒಂದು ಪ್ಲೇಟ್ ಕೊಡಮ್ಮ ಅಂದ್ರೆ ಸಾಕು, ಹೊಸದುರ್ಗದ ಬಸ್ಸಿಳಿದೋರೋ ದಾವಣಗೆರೆ ಬಸ್ಸಿಳಿದೋರೋ ಗೊತ್ತಾಗೋಗ್ತೈತೆ. ಚಳ್ಳಕೆರೆ ಕಡೆಯೋರು ತೆಲುಗಿನಂಗೆ ಎಳೀತಾರೆ. ಎಳದ್ರೆ ಎಳೀಲಿ, ಬಜ್ಜಿ ಕೊಡಲ್ಲ ಅಂತೀನಾ?"

"ಇಂಗ್ಲಿಷು ಹಂಗಲ್ಲಮ್ಮ. ಇದಕ್ಕೆ ಮಾರ್ಕೆಟ್ ಐತೆ. ನಾನು ಸೆಂಟರ್ ತೆಗೆದಾಗ ಎಲ್ರೂ ಬ್ರಿಟಿಷ್ ಕೇಳೋರು. ಆಮೇಲೆ ಅಮೆರಿಕನ್ ಬಂತು. ಈಗ ದೊಡ್ಡ ಊರಲ್ಲಿ ನ್ಯೂಟ್ರಲ್ ಓಡ್ತೈತೆ."

"ಅದು ಯಾವ ಊರಿಂದು?"

"ಯಾವ ಊರಿಂದೂ ಅಲ್ಲ. ಅದೇ ಅದರ ಸ್ಪೆಷಾಲಿಟಿ. ನೀವು ಬಾಯಿ ಬಿಟ್ರೆ ಎಲ್ಲಿಯೋರು ಅಂತ ಗೊತ್ತಾಗಬಾರ್ದು."

"ಹಂಗೆ ಕಳ್ಳರು ಮಾತಾಡ್ತಾರಪ್ಪ, ಪೊಲೀಸ್ನೋರ ಕೈಗೆ ಸಿಕ್ಕಾಗ."

ಮಾರುತೇಶ್ ನಕ್ಕ. ಕೆಟ್ಟ ಮನುಷ್ಯನಲ್ಲ; ಕೇಳಿದ್ದನ್ನು ಮಾರುವವನು. "ನಿಮ್ಮ ಹುಡುಗನಿಗೆ ಅಮೆರಿಕನ್ನೇ ಕೊಟ್ಟಿದೀನಿ. ತೂಕ ಇರ್ತೈತೆ. ಆದ್ರೆ ಒಂದು ತೊಂದ್ರೆ. ಹಳೇದು ಇನ್ನೂ ಪೂರ್ತಿ ಹೋಗಿಲ್ಲ."

ಹಳೆಯದು ಅಂದರೆ ಯಾವುದು ಅಂತ ಮರುಳಸಿದ್ದಮ್ಮನಿಗೆ ಗೊತ್ತಿತ್ತು. ಒಮ್ಮೆ ತಿಪ್ಪೇಶ್ ಬೆಟ್ಟದ ಕೆಲಸಕ್ಕೆ ಬಂದಿದ್ದ ಡೆನ್ಮಾರ್ಕಿನ ಎಂಜಿನಿಯರನ್ನು ಅವಳ ಅಂಗಡಿಗೆ ಕರೆತಂದಿದ್ದ. ಜೊತೆಗೆ ಚೀನಾದವನೊಬ್ಬ, ಕೊಯಮತ್ತೂರಿನವನೊಬ್ಬ. ಎಲ್ಲರೂ ಇಂಗ್ಲಿಷೇ ಆಡುತ್ತಿದ್ದರು, ಒಬ್ಬೊಬ್ಬರದೂ ಒಂದೊಂದು ಥರ. ಒಬ್ಬ ಮಾತನ್ನು ಅರ್ಧ ನುಂಗುತ್ತಿದ್ದ, ಒಬ್ಬ ತುಂಡು ತುಂಡು ಮಾಡುತ್ತಿದ್ದ, ಮತ್ತೊಬ್ಬ ಗಡಗಡ ಉರುಳಿಸುತ್ತಿದ್ದ. ತಿಪ್ಪೇಶನದು ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ರಾಗ. ಬಜ್ಜಿಯ ಖಾರಕ್ಕೆ ಎಲ್ಲರ ಮೂಗಿನಲ್ಲೂ ನೀರು. ಒಬ್ಬರನ್ನೊಬ್ಬರು ತಮಾಷೆ ಮಾಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಇಡೀ ಲೋಕ ತಿರುಗಿ ಬಂದ ಮಾತು ತನ್ನ ಅಂಗಡಿಯ ಬೆಂಚಿನ ಮೇಲೆ ಹೀಗೆ ಕಾಲು ಚಾಚಿ ಕೂತಿದೆಯಲ್ಲ ಅಂತ ಆವತ್ತು ಅವಳಿಗೆ ಖುಷಿಯಾಗಿತ್ತು. ಆ ಮಾತನ್ನೇ ಈಗ ಈತ ಕೊಳೆ ಬಟ್ಟೆಯ ಹಾಗೆ ಒಗೆದು ತೆಗೆಯುತ್ತಿದ್ದ.

ಅಷ್ಟರಲ್ಲಿ ಮುರುಗೇಶಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದ. ಅವನಿಗೂ ಪಾಠವಾಗಿತ್ತು, ಐತೆ ಅನ್ನುವಂತಿಲ್ಲ, ಇದೆ ಅನ್ನಬೇಕು. ಅಕ್ಕನ ಮುಖ ನೋಡಲಾರದೆ ಫ್ಯಾನು ನೋಡಿಕೊಂಡು ಅಂದ: "ಅಕ್ಕ, ಒಂದು ಮಾತು ಇದೆ. ಬೇಜಾರು ಮಾಡ್ಕಬ್ಯಾಡ."

"ಹೇಳೋ ಮುರುಗ."

"ಅವ್ರು ಇರೋವರೆಗೂ ನೀನು ಸ್ವಲ್ಪ... ಒಳಗೇ ಇರು. ಮಾತು ಬ್ಯಾಡ."

"ಮಾತು ಬ್ಯಾಡ ಅಂದ್ರೆ?"

ಮಾರುತೇಶ್ ನಡುವೆ ಬಂದ. "ಮನೆಯ ಹಿರಿಯರ ಬಾಯಲ್ಲಿ ಏನು ಬರ್ತೈತೆ ಅದನ್ನೇ ಅವ್ರು ಮೊದ್ಲು ಅಳೆಯೋದು ಅಮ್ಮ. ನಿಮ್ಮದು ಬಾಳ ಜೋರೈತೆ. ಒಂದೇ ಮಾತಿಗೆ ಹುಡುಗನ ಬುಡ ಗೊತ್ತಾಗಿ ಹೋಗ್ತೈತೆ."

ಮರುಳಸಿದ್ದಮ್ಮ ತಿಪ್ಪೇಶನ ಕಡೆ ನೋಡಿದಳು. ಅವನು ಟವೆಲ್ ಬಿಚ್ಚಿ ಮಡಚುವುದರಲ್ಲಿ ಮುಳುಗಿದ್ದ. ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಅಸಹ್ಯ ಬಂತು. ಆದರೆ ಹುಡುಗನ ಕಿವಿಯ ಮೇಲೆ ಅಲ್ಲಲ್ಲಿ ಬೆಳ್ಳಗಾದ ಕೂದಲು ಕಾಣುತ್ತಿತ್ತು. ಒಂದು ಹೊತ್ತು ಬಾಯಿ ಮುಚ್ಚಿಕೊಂಡರೆ ಇವನಿಗೊಂದು ಸಂಸಾರವಾಗುವುದಾದರೆ ಆಗಲಿ.

"ಆತು ಬಿಡ್ರಪ್ಪ. ನಾನು ಬಾಣಲೆ ಮುಂದೆ ಇರ್ತೀನಿ" ಅಂದಳು.

ಹಿರಿಯೂರಿನವರು ಕಾರಿನಲ್ಲಿ ಬಂದರು. ಐಮಂಗಲದ ಹತ್ತಿರ ಟೀ ಕುಡಿಯಲು ನಿಂತು ತಡವಾಯಿತಂತೆ. ರೇವಣಸಿದ್ದಪ್ಪ, ಅವನ ಹೆಂಡತಿ, ಅವನ ತಾಯಿ ಶಿವಗಂಗಮ್ಮ, ಮತ್ತೆ ಕಾವ್ಯ. ಮೊದಲೆಲ್ಲ ಮನೆ ನೋಡಲು ಹುಡುಗಿ ಬರುತ್ತಿರಲಿಲ್ಲ. ಇವಳು ನಾನೂ ಬರುತ್ತೇನೆ ಅಂತ ಹಟ ಹಿಡಿದು ಬಂದಿದ್ದಳು. ಮರುಳಸಿದ್ದಮ್ಮ ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದಳು. ಹುಡುಗಿ ಗೋಡೆಯನ್ನೂ ಟಿವಿಯನ್ನೂ ನೋಡದೆ ಮನುಷ್ಯರನ್ನು ನೋಡುತ್ತಿದ್ದಳು. ಇವಳು ಜಾಣೆ ಅಂದುಕೊಂಡಳು.

"ಬನ್ನಿ, ಕುಂತ್ಕ... ಕುಳಿತುಕೊಳ್ಳಿ" ಅಂದ ಮುರುಗೇಶಪ್ಪ. "ದಾರಿ ಎಲ್ಲ ಚೆನ್ನಾಗಿ ಇದೆಯಾ?"

"ಇದೆ, ಇದೆ" ಅಂದ ರೇವಣಸಿದ್ದಪ್ಪ. ಅವನೂ ಅಂಗಡಿಯ ಮಾತನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ.

ಇಬ್ಬರು ಗಂಡಸರು ಎರಡು ಹೊತ್ತು ಊಟ ಬಿಟ್ಟವರ ಹಾಗೆ ಮೆಲ್ಲಗೆ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಆಡುವುದನ್ನು ಕೇಳಿ ಮರುಳಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಗು ಬಂದದ್ದು ಅರ್ಧ, ಹೇಸಿಗೆ ಬಂದದ್ದು ಅರ್ಧ.

ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ರೇವಣಸಿದ್ದಪ್ಪ ಫೋನ್ ತೆಗೆದು ಟೀಪಾಯಿಯ ಮೇಲೆ ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದ. ಮೆಲ್ಬರ್ನಿನ ಅಳಿಯನ ಮುಖ ಬಂತು. ಗುಂಡಗಿನ, ಗಡ್ಡದ ಮುಖ.

"ಹೌ ಆರ್ ಯಾ, ಮೈಟ್?" ಅಂದ ಅಳಿಯ, ಮೇಟ್ ಅನ್ನುವುದನ್ನು ಆಸ್ಟ್ರೇಲಿಯಾದವರ ಹಾಗೆ ಎಳೆದು.

ತಿಪ್ಪೇಶ್ ತಬ್ಬಿಬ್ಬಾಗಿ ಮಾರುತೇಶನನ್ನು ನೋಡಿದ. ಮಾರುತೇಶನ ಮುಖ ಇಳಿದುಹೋಗಿತ್ತು. ಇದು ಅವನ ಸೆಂಟರಿನಲ್ಲಿಲ್ಲದ ಮಾಲು. ಆದರೂ ತಿಪ್ಪೇಶ್ ಧೈರ್ಯ ತಂದುಕೊಂಡು, ಒಂದು ತಿಂಗಳು ಕಲಿತದ್ದನ್ನೆಲ್ಲ ಸುರಿದ. ನಾಲಿಗೆ ಮಡಚಿದ, ಮೂಗಿನಲ್ಲಿ ಎಳೆದ, ಭುಜ ಕುಣಿಸಿದ. ಗಾಳಿಯಂತ್ರದ ಬಗ್ಗೆ ಹೇಳಿದ, ವ್ಯಾಯಾಮದ ಬಗ್ಗೆ ಹೇಳಿದ. ಅಡಿಗೆಮನೆಯ ಸಂದಿಯಲ್ಲಿ ನಿಂತವಳು ಅವನು ಹುಟ್ಟಿದ ಲಾಗಾಯ್ತು ಕೇಳಿದ ದನಿ ಅದು. ಆದರೆ ಯಾರೋ ಆ ದನಿಯನ್ನು ಕದ್ದು ತೊಟ್ಟುಕೊಂಡ ಹಾಗಿತ್ತು. ಮರುಳಸಿದ್ದಮ್ಮನಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು.

ಮೆಲ್ಬರ್ನಿನವನು "ನೋ ವರೀಸ್, ನೋ ವರೀಸ್" ಅನ್ನುತ್ತ ತಲೆಯಾಡಿಸುತ್ತಿದ್ದ. ಅಷ್ಟರಲ್ಲಿ ಆ ಕಡೆ ಮಗುವೊಂದು ಚೀರಿತು. ಅವನು ಹಿಂದಕ್ಕೆ ತಿರುಗಿ, "ಲೇ, ಎತ್ಕಳೇ ಅದನ್ನ, ಆಗ್ಲಿಂದ ಬಡ್ಕಂತೈತೆ!" ಅಂತ ಗದರಿ, ಮತ್ತೆ ಈ ಕಡೆ ತಿರುಗಿ "ಸಾರಿ ಮೈಟ್" ಅಂದ.

ಹೊಸದುರ್ಗದವನು, ಸಂಶಯವೇ ಇಲ್ಲ ಅಂದುಕೊಂಡಳು ಮರುಳಸಿದ್ದಮ್ಮ. ತನ್ನ ಮಗು ಅತ್ತರೆ ಹೊಸದುರ್ಗ, ಬೇರೆಯವರ ಮಗನನ್ನು ತೂಗುವಾಗ ಆಸ್ಟ್ರೇಲಿಯಾ.

ಬಜ್ಜಿ ಬಾಣಲೆಗೆ ಬಿದ್ದ ಹೊತ್ತಿಗೆ ಶಿವಗಂಗಮ್ಮ ಅಡಿಗೆಮನೆಗೆ ಬಂದಳು. ಹೆಣ್ಣಿನ ಕಡೆಯ ಹಿರಿಯಳು ಒಲೆ, ಪಾತ್ರೆ, ನೀರಿನ ಜಾಗ ನೋಡುವುದು ಈ ಕಡೆಯ ಪದ್ಧತಿ. ಅದರ ನೆಪದಲ್ಲಿ ಮನೆಯ ಹೆಂಗಸರ ಬಾಯಿ ಬಿಡಿಸುವುದೂ ಪದ್ಧತಿಯೇ.

"ಏನಮ್ಮ, ಚೆನ್ನಾಗಿದೀಯಾ?" ಅಂದಳು ಮುದುಕಿ.

ಮರುಳಸಿದ್ದಮ್ಮ ಕೈ ಮುಗಿದು ನಕ್ಕಳು.

"ನಿನ್ನ ಹೆಸರೇನು?"

ಮತ್ತೆ ನಗು.

"ಹುಡುಗನಿಗೆ ಏನಾಗಬೇಕು ನೀನು?"

ಮರುಳಸಿದ್ದಮ್ಮ ತಟ್ಟೆ ತುಂಬ ಬಜ್ಜಿ ಹಾಕಿ ಮುದುಕಿಯ ಕೈಗಿಟ್ಟಳು. ಶಿವಗಂಗಮ್ಮ ಹುಬ್ಬು ಗಂಟಿಕ್ಕಿಕೊಂಡು ಅವಳ ಬೆನ್ನ ಹಿಂದೆ ಹೋಗಿ ನಿಂತು, ಇದ್ದಕ್ಕಿದ್ದ ಹಾಗೆ ಒಂದು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟಳು. ಢಣ್ಣೆಂದ ಸದ್ದಿಗೆ ಮರುಳಸಿದ್ದಮ್ಮ ಬೆಚ್ಚಿ ತಿರುಗಿದಳು. ಬೈಗುಳ ಗಂಟಲವರೆಗೂ ಬಂದಿತ್ತು. ನುಂಗಿಕೊಂಡಳು.

"ಕಿವಿ ಕೇಳ್ತೈತೆ" ಅಂತ ಮುದುಕಿ ತನಗೆ ತಾನೇ ಹೇಳಿಕೊಂಡಳು. "ಮಾತಿಲ್ಲ."

ಅವಳು ಬಜ್ಜಿಯ ತಟ್ಟೆ ಹಿಡಿದು ಹಜಾರಕ್ಕೆ ಹೋಗಿ ಮಗನ ಕಿವಿಯಲ್ಲಿ ಹೇಳಿದ ಗುಟ್ಟು ಇಡೀ ಮನೆಗೆ ಕೇಳಿಸಿತು. "ಲೇ ರೇವಣ್ಣ, ಒಳಗೊಬ್ಳು ಮೂಗಿ ಅವ್ಳೆ."

ಹಜಾರದಲ್ಲಿ ಎಲ್ಲರೂ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಮುರುಗೇಶಪ್ಪನೂ ಮಾರುತೇಶನೂ ಒಟ್ಟಿಗೇ ಬಾಯಿ ತೆಗೆದರು.

"ಮೌನವ್ರತ ಮಾಡ್ತಿದಾಳೆ" ಅಂದ ಮುರುಗೇಶಪ್ಪ.

"ಗಂಟ್ಲು ಆಪರೇಷನ್ ಆಗಿದೆ" ಅಂದ ಮಾರುತೇಶ್.

"ವ್ರತನೋ ಆಪರೇಷನ್ನೋ, ಯಾವುದಾದ್ರೂ ಒಂದು ಹೇಳ್ರಪ್ಪ" ಅಂದಳು ಶಿವಗಂಗಮ್ಮ. "ನಮ್ಮ ಚಿಕ್ಕಪ್ಪನ ಮಗಳನ್ನ ಹಿಂಗೇ ಮುಚ್ಚಿಟ್ಟ ಮನೆಗೆ ಕೊಟ್ಟು, ಹುಟ್ಟಿದ ಮಕ್ಕಳೆಲ್ಲ ಮೂಗವೇ. ಆ ಹೆಂಗ್ಸು ಹುಡುಗನಿಗೆ ಏನಾಗಬೇಕು? ರಕ್ತಸಂಬಂಧನಾ?"

ರೇವಣಸಿದ್ದಪ್ಪ ಆಗಲೇ ಸೋಫಾದ ಅಂಚಿಗೆ ಬಂದಿದ್ದ. ಹೆಂಡತಿ ಬ್ಯಾಗು ಎತ್ತಿಕೊಂಡಿದ್ದಳು. ಮೆಲ್ಬರ್ನಿನವನು "ವಾಟ್ಸ್ ಅಪ್?" ಅನ್ನುತ್ತಿದ್ದ. ಬಾಗಿಲ ಸಂದಿಯಲ್ಲಿ ನಿಂತ ಮರುಳಸಿದ್ದಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ರಾಗ ಮುಚ್ಚಲು ಹೋಗಿ ಇವರು ರೋಗ ಅಂಟಿಸಿಕೊಂಡಿದ್ದರು. ಹೊರಗೆ ಹೋಗಿ ಒಂದು ಮಾತಾಡಿದರೆ ಮುಗಿಯಿತು ಅಂತ ಅವಳು ಹೆಜ್ಜೆ ಎತ್ತುವಷ್ಟರಲ್ಲಿ ತಿಪ್ಪೇಶ್ ಎದ್ದು ನಿಂತ.

"ನೋ, ನೋ" ಅಂದ, ಫೋನಿನ ಕಡೆಗೂ ರೇವಣಸಿದ್ದಪ್ಪನ ಕಡೆಗೂ ನೋಡುತ್ತ. "ಷೀ ಈಸ್ ನಾಟ್ ಫ್ಯಾಮಿಲಿ. ಷೀ ಈಸ್ ಜಸ್ಟ್ ಅವರ್ ಕುಕ್."

ಆ ಒಂದು ಮಾತು ಅವನ ಬಾಯಿಂದ ಎಲ್ಲೂ ತಡೆಯದೆ, ಎಣ್ಣೆ ಹಚ್ಚಿದಂತೆ ಬಂತು. ಬಿರಡೆ, ಕನ್ನಡಿ, ಒಂದು ತಿಂಗಳ ಜೊಲ್ಲು ಎಲ್ಲ ಸೇರಿ ತಯಾರಾದದ್ದು ಇದೇ ಮಾತಿಗೆ ಅನ್ನುವ ಹಾಗೆ. ಮಾರುತೇಶ್ ತನಗರಿವಿಲ್ಲದೆ ಭೇಷ್ ಅನ್ನುವಂತೆ ತಲೆಯಾಡಿಸಿದ.

ಬಸ್ ನಿಲ್ದಾಣದ ಪಕ್ಕ ಅಂಗಡಿ ಇಟ್ಟವಳಿಗೆ ಕುಕ್ ಅಂದರೆ ಗೊತ್ತು. ಫ್ಯಾಮಿಲಿ ಅಂದರೆ ಎದುರಿನ ಹೋಟೆಲಿನ ಬೋರ್ಡಿನ ಮೇಲೇ ಇದೆ.

"ಓ, ಅಡಿಗೆಯೋಳಾ!" ಅಂದಳು ಶಿವಗಂಗಮ್ಮ. "ಅದನ್ನ ಮೊದ್ಲೇ ಹೇಳಬಾರ್ದಾ!" ರೇವಣಸಿದ್ದಪ್ಪ ಹಿಂದಕ್ಕೆ ಒರಗಿ ಕೂತ. ಹೆಂಡತಿ ಬ್ಯಾಗು ಕೆಳಗಿಟ್ಟಳು. ಮೆಲ್ಬರ್ನಿನವನು ಹೆಬ್ಬೆರಳು ತೋರಿಸಿದ. "ಹಂಗಾದ್ರೆ ನಮ್ಮ ಕಡೆಯಿಂದ ಅಡ್ಡಿ ಇಲ್ಲ ಅಂತ ಇಟ್ಕಳಿ" ಅಂದ ರೇವಣಸಿದ್ದಪ್ಪ. ಆಮೇಲೆ ಅಡಿಗೆಮನೆಯ ಕಡೆಗೆ ಚಿಟಿಕೆ ಹೊಡೆದು, "ಏನಮ್ಮ, ಇಲ್ಲಿಗೊಂದಿಷ್ಟು ನೀರು ತಾ" ಅಂದ.

ಮರುಳಸಿದ್ದಮ್ಮ ನೀರು ತಂದಳು. ತಮ್ಮನ ಮುಖ ನೋಡಿದಳು. ಮುರುಗೇಶಪ್ಪ ನೆಲದ ಟೈಲ್ಸ್ ನೋಡುತ್ತಿದ್ದ, ಅದರಲ್ಲಿ ಏನೋ ಬಿದ್ದುಹೋದದ್ದನ್ನು ಹುಡುಕುವವನಂತೆ. ತಿಪ್ಪೇಶ್ ಅವಳ ಕೈಯಿಂದಲೇ ಲೋಟ ತೆಗೆದುಕೊಂಡು "ಥ್ಯಾಂಕ್ಸ್" ಅಂದ.

ಒಳಗೆ ಬಂದು ಒಲೆ ಆರಿಸಿದಳು. ಉಳಿದ ಬಜ್ಜಿಗಳ ಮೇಲೆ ತಟ್ಟೆ ಮುಚ್ಚಿದಳು. ಲೆಕ್ಕ ಹಾಕಿ ನೋಡಿದಳು. ಸಂಬಂಧ ಕೂಡಿಬಂದಿದೆ. ತಾನು ಸುಮ್ಮನಿದ್ದರೆ ಮದುವೆ ಆಗಿಯೇ ಆಗುತ್ತದೆ. ಆದರೆ ಮದುವೆಯ ದಿನ ತಾನು ಯಾವ ಸಾಲಿನಲ್ಲಿ ಕೂರುವುದು? ಅಡಿಗೆಯವರ ಜೊತೆಗಾ? ನಾಳೆ ಮಗು ಹುಟ್ಟಿದರೆ ನೋಡಲು ಹಿತ್ತಿಲ ಬಾಗಿಲಿನಿಂದ ಬರುವುದಾ? ಇವರು ಒಂದು ಗಂಟೆಯ ಸುಳ್ಳು ಹೇಳಿದ್ದರು, ಅದನ್ನು ಎಷ್ಟು ವರ್ಷ ಬಾಡಿಗೆ ಕೊಟ್ಟು ಸಾಕಬೇಕು ಅಂತ ಯೋಚಿಸಿರಲಿಲ್ಲ. ಹಾಳಾಗಲಿ, ಅದೂ ಆಗಲಿ. ಹುಡುಗನಿಗೆ ಒಳ್ಳೆಯದಾದರೆ ಸಾಕು ಅಂತ ಮನಸ್ಸನ್ನು ಕಲ್ಲು ಮಾಡಿಕೊಂಡಳು.

ಆಗ ಕಾವ್ಯ ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದಳು. ನಲ್ಲಿ ಬಿಟ್ಟು, ಹಜಾರದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅಂದಳು: "ಅಮ್ಮಾ, ಬಜ್ಜಿ ಬಾಳ ಚೆನ್ನಾಗಿತ್ತು. ನಿಮಗೆ ಮಾತು ಬರಲ್ಲ ಅಂತ ಗೊತ್ತು. ಒಂದೇ ಒಂದು ಕೇಳ್ತೀನಿ. ಹೊರಗಿರೋರೆಲ್ಲ ಒಳ್ಳೇದೇ ಹೇಳ್ತಾರೆ. ಮನೆ ಕೆಲಸ ಮಾಡೋರಿಗೆ ನಿಜ ಗೊತ್ತಿರ್ತೈತೆ. ಹುಡುಗ ಒಳ್ಳೇರಾ? ಹೌದಾದ್ರೆ ತಲೆ ಆಡ್ಸಿ ಸಾಕು, ನಾನು ಒಪ್ಕಂತೀನಿ."

ಹುಡುಗಿಯ ಕಣ್ಣಿನಲ್ಲಿ ನಾಟಕವಿರಲಿಲ್ಲ. ತನ್ನ ಬದುಕನ್ನು ಯಾರೋ ಅಡಿಗೆಯವಳ ಕುತ್ತಿಗೆಯ ಮೇಲೆ ಇಟ್ಟು ಕಾಯುತ್ತಿದ್ದಳು.

ಮರುಳಸಿದ್ದಮ್ಮ ತಲೆಯಾಡಿಸಲು ಹೋದಳು. ಆಗಲಿಲ್ಲ. ಅಡ್ಡ ಆಡಿಸೋಣವೆಂದರೆ ಅದೂ ಆಗಲಿಲ್ಲ. ನಿನ್ನೆಯವರೆಗೂ ಊರ ಮುಂದೆ ನಿಂತು, ಇವನಂಥ ಹುಡುಗ ಇಲ್ಲ ಅಂತ ಹೇಳುತ್ತಿದ್ದವಳು ಅವಳು. ಈ ಹೊತ್ತು ತಲೆಯಾಡಿಸಿದರೆ ಅದು ತನ್ನ ಸ್ವಂತ ಸುಳ್ಳಾಗುತ್ತದೆ. ಇಲ್ಲಿಯವರೆಗಿನದು ಅವರದು.

"ತಲೆ ಆಡ್ಸೋಕೆ ಆಗಲ್ಲ ತಾಯಿ" ಅಂದಳು.

ಕಾವ್ಯ ಬೆಚ್ಚಿ ಸಿಂಕಿಗೆ ಒರಗಿದಳು. "ನಿಮಗೆ ಮಾತು..."

"ಬೇಕಾದಷ್ಟು ಬರ್ತೈತೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿಗೆ ಕೇಳೋ ಅಷ್ಟು. ನಾನು ಅಡಿಗೆಯೋಳಲ್ಲವ್ವ, ಅವ್ನ ಸೋದರತ್ತೆ. ಅವ್ನ ಅವ್ವ ಸತ್ತಾಗಿನಿಂದ ಸಾಕಿದೋಳು."

"ಮತ್ತೆ ಯಾಕೆ ಸುಮ್ಕಿದ್ರಿ?"

"ನನ್ನ ರಾಗ ಕೇಳಿದ್ರೆ ನಿಮ್ಮ ಭಾವಂಗೆ ಸರಿಹೋಗಲ್ವಂತೆ."

"ನಮ್ಮ ಭಾವಂಗಾ? ಹೊಸದುರ್ಗದ ಸಂತೇಲಿ ತೆಂಗಿನಕಾಯಿ ಮಾರೋರ ಮಗ ಅವ್ರು!" ಕಾವ್ಯಳಿಗೆ ನಗು ಬಂತು, ಬಂದ ನಗು ಅಲ್ಲೇ ನಿಂತುಹೋಯಿತು. ಹಜಾರದಲ್ಲಿ ಕೇಳಿದ ಮಾತು ಅವಳಿಗೆ ನೆನಪಾಗಿರಬೇಕು. ಒಂದು ಕ್ಷಣ ಮರುಳಸಿದ್ದಮ್ಮನ ಕೈಗಳನ್ನು ನೋಡಿದಳು, ಕಾದ ಎಣ್ಣೆ ಸಿಡಿದ ಕಲೆಗಳನ್ನು. ಆಮೇಲೆ ನಲ್ಲಿ ನಿಲ್ಲಿಸಿ ಹೊರಗೆ ಹೋದಳು.

"ತಿಪ್ಪೇಶ್, ನಿಮ್ಮ ಅಡಿಗೆಯೋರ ಹೆಸರೇನು?" ಅಂತ ಎಲ್ಲರ ಎದುರಿಗೇ ಕೇಳಿದಳು. ಗದರಿಸಿ ಕೇಳಲಿಲ್ಲ, ಅಣಕಿಸಲಿಲ್ಲ. ಹೇಳುವುದಾದರೆ ಈಗ ಹೇಳು ಅಂತ ಬಾಗಿಲು ತೆರೆದು ಹಿಡಿದಂತೆ ಕೇಳಿದಳು.

ಒಳಗೆ ಮರುಳಸಿದ್ದಮ್ಮ ಬಾಗಿಲ ಸಂದಿಗೆ ಬಂದು ನಿಂತಳು. ಹೇಳೋ ಮಗನೇ. ಒಂದು ಸಲ ಹೇಳಿಬಿಡು. ತಪ್ಪಾತು, ಗಾಬರಿಯಾಗಿ ಅಂದೆ ಅನ್ನು, ಆ ಹುಡುಗಿ ಇನ್ನೂ ಕೇಳುತ್ತಾಳೆ.

ತಿಪ್ಪೇಶ್ ತಂದೆಯ ಕಡೆ ನೋಡಿದ. ಮಾರುತೇಶನ ಕಡೆ ನೋಡಿದ. ಫೋನಿನಲ್ಲಿ ಮೆಲ್ಬರ್ನು ಕಾಯುತ್ತಿತ್ತು.

"ಹರ್ ನೇಮ್... ಐ ಡೋಂಟ್ ನೋ" ಅಂದ, ಭುಜ ಕುಣಿಸಿ. "ಷೀ ಈಸ್ ನ್ಯೂ."

ಮರುಳಸಿದ್ದಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಬಂದವಳು ನಿಲ್ಲಲಿಲ್ಲ, ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಶಿವಗಂಗಮ್ಮನ ಪಕ್ಕ ಕೂತಳು.

"ನನ್ನ ಹೆಸರು ಮರುಳಸಿದ್ದಮ್ಮ ಕಣವ್ವ. ಈ ಮುರುಗೇಶನ ಅಕ್ಕ, ಈ ತಿಪ್ಪೇಶನ್ನ ಸಾಕಿದೋಳು. ಹೊಸಬಳಲ್ಲ, ಈ ಮನೆಗೆ ಇವ್ರೆಲ್ಲರಿಗಿಂತ ಹಳಬಳು. ವ್ರತ ಇಲ್ಲ, ಆಪರೇಷನ್ ಇಲ್ಲ. ನಮ್ಮ ವಂಶದಾಗೆ ಮೂಗರು ಯಾರೂ ಇಲ್ಲ, ಅದಕ್ಕೆ ಹೆದರಬ್ಯಾಡ್ರಿ. ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತೈತೆ ಈಗ."

"ಅತ್ತೆ..." ಅಂದ ತಿಪ್ಪೇಶ್. ಅದೊಂದು ಮಾತು ಯಾವ ರಾಗವೂ ಇಲ್ಲದೆ ಬಂತು. ತಡವಾಗಿತ್ತು.

ರೇವಣಸಿದ್ದಪ್ಪ ಎದ್ದುಬಿಟ್ಟ. ಮಾತಿನ ಇಸ್ತ್ರಿ ಹಾರಿಹೋಗಿತ್ತು. "ಏನ್ರೀ ಇದು ಯಜಮಾನ್ರೇ? ಸಾಕಿದ ಅತ್ತೇನ ಅಡಿಗೆಯೋಳು ಅಂತೀರಾ? ಇನ್ನೇನೇನು ಮುಚ್ಚಿಟ್ಟಿದೀರೋ! ಮರ್ವಾದಸ್ತರ ಮನೆ ಅಂತ ಬಂದ್ರೆ..."

"ನೀವು ಸ್ವಲ್ಪ ಸುಮ್ಕಿರ್ರಿ ಯಜಮಾನ್ರೇ" ಅಂದಳು ಮರುಳಸಿದ್ದಮ್ಮ. "ಹುಡುಗ ಕುಡೀತಾನಾ ಅಂತ ಕೇಳಿದ್ರಾ? ಹೊಡೆಯೋ ಗುಣ ಐತಾ ಅಂತ ಕೇಳಿದ್ರಾ? ಕೆಲಸದ ಜಾಗದಾಗೆ ಹೋಗಿ ವಿಚಾರಿಸಿದ್ರಾ? ರಾಗ ಕೇಳಿದ್ರಿ. ಇವ್ರು ರಾಗಾನೇ ತಯಾರು ಮಾಡಿ ಇಟ್ಟಿದ್ರು. ನೀವು ಕೇಳ್ದಂಗೆ ಅವ್ರು ಕೊಟ್ರು. ನಡುವೆ ನಾನೊಬ್ಳು ಹೇಸಿಗೆ ತಿಂದೆ."

ಫೋನಿನಿಂದ "ವಾಟ್ಸ್ ಗೋಯಿಂಗ್ ಆನ್?" ಅಂತ ಬಂತು. ಕಾವ್ಯ ಅದನ್ನು ಎತ್ತಿ ಟೀಪಾಯಿಯ ಮೇಲೆ ಬೋರಲು ಹಾಕಿದಳು.

"ಅಪ್ಪಾ, ಹೋಗಾಣ" ಅಂದಳು. "ನಂಗೆ ಈ ಸಂಬಂಧ ಬ್ಯಾಡ. ಇಂಗ್ಲಿಷಿಗಲ್ಲ. ಅವ್ರು ಯಾರು ಅಂತ ಅಜ್ಜಿ ಒಂದ್ಸಲ ಕೇಳ್ತು, ನಾನೊಂದ್ಸಲ ಕೇಳ್ದೆ, ಎರಡು ಸಲಾನೂ ಹೇಳ್ಲಿಲ್ಲ."

ಅವರು ಎದ್ದರು. ಶಿವಗಂಗಮ್ಮ ಮಾತ್ರ ಬಾಗಿಲಲ್ಲಿ ನಿಂತು, ಮರುಳಸಿದ್ದಮ್ಮನ ಕೈ ಹಿಡಿದು, "ತಟ್ಟೆ ಬೀಳಿಸಿದ್ದು ಮನಸ್ಸಿಗೆ ಹಾಕ್ಕಬ್ಯಾಡ ತಾಯಿ" ಅಂದಳು.

"ಬೀಳಿಸಿದ್ದೇ ಒಳ್ಳೇದಾತು ಬಿಡಮ್ಮ."

ಕಾರು ಹೋದ ಮೇಲೆ ಮುರುಗೇಶಪ್ಪ ಅಕ್ಕನ ಮೇಲೆ ಹಾರಿದ. "ಆಗಿದ್ದ ಮದುವೆ ಹಾಳು ಮಾಡಿದೆಯಲ್ಲ! ಇನ್ನೊಂದು ಹೊತ್ತು ಬಾಯಿ ಮುಚ್ಕಂಡಿದ್ರೆ ಏನಾಗ್ತಿತ್ತು ನಿಂಗೆ?"

"ನಂಗೇನೂ ಆಗ್ತಿರ್ಲಿಲ್ಲ. ಆ ಹುಡುಗಿಗೆ ಆಗ್ತಿತ್ತು. ನೀನು ಟೈಲ್ಸ್ ನೋಡೋದ್ರಾಗೆ ಇದ್ದೆ, ನಿಂಗೆ ಕಾಣ್ಲಿಲ್ಲ."

ಮಾರುತೇಶ್ ಚಪ್ಪಲಿ ಹುಡುಕುತ್ತಿದ್ದ. ಹುಡುಕುತ್ತಲೇ, "ಬೇಜಾರ್ ಮಾಡ್ಕಬ್ಯಾಡ್ರಿ ಸಾರ್. ಪ್ರೊನೌನ್ಸಿಯೇಷನ್ ಮಾತ್ರ ಇವತ್ತು ಸೂಪರ್. ಮುಂದಿನ ಸಂಬಂಧಕ್ಕೆ ಬೇಕಾದ್ರೆ ಆಸ್ಟ್ರೇಲಿಯನ್ ನೋಡಾಣ" ಅಂದ. ಮರುಳಸಿದ್ದಮ್ಮ ಅವನನ್ನು ನೋಡಿದ ನೋಟಕ್ಕೆ ಒಂದು ಕಾಲಿಗೆ ಮುರುಗೇಶಪ್ಪನ ಚಪ್ಪಲಿ ಮೆಟ್ಟಿಕೊಂಡೇ ಹೊರಟುಹೋದ.

ಅವಳು ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಗೇಟು ದಾಟಿದಳು. ತಿಪ್ಪೇಶ್ ಬೈಕ್ ತೆಗೆದುಕೊಂಡು ಹಿಂದೆಯೇ ಬಂದ.

"ಅತ್ತೆ, ಕುಂತ್ಕ. ಬಸ್ ಸ್ಟ್ಯಾಂಡಿಗೆ ಬಿಡ್ತೀನಿ."

"ಬ್ಯಾಡಪ್ಪ. ಹೊಸಬಳು ನಾನು. ದಾರಿ ಕೇಳ್ಕಂಡು ಹೋಗ್ತೀನಿ."

ಅವನು ಬೈಕಿನಿಂದಿಳಿದು, ಬೈಕನ್ನು ತಳ್ಳಿಕೊಂಡು ಅವಳ ಹಿಂದೆ ಹಿಂದೆ ನಡೆದ. ಅವಳು ತಿರುಗಿ ನೋಡಲಿಲ್ಲ. ಚಿಕ್ಕಂದಿನಲ್ಲಿ ಇವನು ಒಂದು ಸಲ ಜ್ವರದಲ್ಲಿ ಅವಳ ಮೈಮೇಲೆಲ್ಲ ವಾಂತಿ ಮಾಡಿಕೊಂಡಿದ್ದ. ಆಗ ಬರದ ಹೇಸಿಗೆ ಇವತ್ತು ಬಂದಿತ್ತು. ಅದು ಬಂತಲ್ಲ ಅಂತ ಅವಳಿಗೆ ತನ್ನ ಮೇಲೂ ಸಿಟ್ಟು. ಹೊಳಲ್ಕೆರೆಯ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲಿಗೆ ಕಾಲಿಡುವ ಮೊದಲು ನಿಂತಳು. ಹುಡುಗ ಬೆವೆತು ಹೋಗಿದ್ದ. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ನಾನೇನು ಮಾಡ್ಲಿ ಅತ್ತೆ ಈಗ?" ಅಂದ. ಹೊಳಲ್ಕೆರೆಯ ರಾಗದಲ್ಲೇ ಅಂದ. ಅದಕ್ಕೇನೂ ಅವಳು ಕರಗಲಿಲ್ಲ.

"ನಾಳೆ ಹಿರಿಯೂರಿಗೆ ಹೋಗು. ಹೆಣ್ಣು ಕೇಳೋಕಲ್ಲ, ಅದು ಮುಗೀತು. ಆ ಹುಡುಗಿ ನನ್ನ ಹೆಸರು ಕೇಳಿದ್ಲು, ನೀನು ಹೇಳ್ಲಿಲ್ಲ. ಅವಳ ಬಾಗಿಲಾಗೆ ನಿಂತು ಹೇಳಿ ಬಾ. ಅವ್ರಪ್ಪನ ಮುಂದೆ, ಆ ಮುದುಕಿ ಮುಂದೆ. ಹೇಳಿ ಬಂದ್ಮೇಲೆ ನನ್ನ ಅಂಗಡಿ ಮೆಟ್ಲು ಹತ್ತು."

ತಿಪ್ಪೇಶ್ ಗಂಟಲು ಸರಿಮಾಡಿಕೊಂಡ. "ಒದ್ದು ಓಡಿಸಿದ್ರೆ?"

"ಒದೆಸ್ಕಂಡು ಬಾ" ಅಂದು ಮರುಳಸಿದ್ದಮ್ಮ ಬಸ್ಸು ಹತ್ತಿದಳು.